ಲಂಬಕೋನ ತ್ರಿಭುಜ: ಗೊತ್ತಿಲ್ಲದ ಬಾಹು, ಕೋನ ಕಂಡುಕೊಳ್ಳುವ ಬಗೆ ಮತ್ತು ಮಂಡ್ಯ ಸೀಮೆಯ ಹೊಲದ ನಕ್ಷೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಜಮೀನು ಅಣ್ಣತಮ್ಮಂದಿರ ನಡುವೆ ಹಂಚಿಕೆಯಾದಾಗ, ಮಾರಾಟವಾದಾಗ ಅಥವಾ ರಸ್ತೆಗೆಂದು ಸ್ವಾಧೀನವಾದಾಗ ರೈತರ ಮುಂದೆ ಒಂದು ನಕ್ಷೆ ಬರುತ್ತದೆ. ಸಹಿ ಹಾಕುವವರಲ್ಲಿ ಬಹುತೇಕರು ಅದರಲ್ಲಿ ಹುಡುಕುವುದು ಎಕರೆ, ಗುಂಟೆಗಳ ಮೊತ್ತವನ್ನು ಮಾತ್ರ. ಆ ಮೊತ್ತ ಪಹಣಿಗೆ ಹೊಂದಿಕೊಂಡರೆ ಸಮಾಧಾನಪಟ್ಟುಕೊಳ್ಳುತ್ತಾರೆ. ನಕ್ಷೆಯ ಒಳಗಡೆ ಗೆರೆಗಳ ಪಕ್ಕದಲ್ಲಿ ಬರೆದಿರುವ ಸಣ್ಣ ಅಂಕಿಗಳನ್ನು ಓದುವವರು ವಿರಳ. ವಾಸ್ತವದಲ್ಲಿ ಜಮೀನು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದನ್ನು ಹೇಳುವುದು ಆ ಅಂಕಿಗಳೇ ಹೊರತು ಮೊತ್ತವಲ್ಲ. ಅವೆಲ್ಲವೂ ಲಂಬಕೋನ ತ್ರಿಭುಜಗಳ ಬಾಹುಗಳಾಗಿದ್ದು, ಅವುಗಳನ್ನು ಓದಲು ಎಸ್ಸೆಸ್ಸೆಲ್ಸಿ ಗಣಿತಕ್ಕಿಂತ ಹೆಚ್ಚಿನ ವಿದ್ಯೆ ಬೇಕಾಗಿಲ್ಲ.

ಮೂರು ಬಾಹು, ಎರಡು ಸುಳಿವು

ಒಂದು ಕೋನ 90 ಡಿಗ್ರಿ ಇರುವ ತ್ರಿಭುಜವೇ ಲಂಬಕೋನ ತ್ರಿಭುಜ. ಲಂಬಕೋನಕ್ಕೆ ಎದುರಿಗಿರುವ, ಎಲ್ಲಕ್ಕಿಂತ ಉದ್ದವಾದ ಬಾಹು ವಿಕರ್ಣ. ಹಳೆಯ ಗಣಿತ ಗ್ರಂಥಗಳಲ್ಲಿ ಇದಕ್ಕೆ ಕರ್ಣ ಎಂದೂ, ಉಳಿದೆರಡಕ್ಕೆ ಭುಜ, ಕೋಟಿ ಎಂದೂ ಹೆಸರು. ವಿಕರ್ಣದ ವರ್ಗವು ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ ಎಂಬ ನಿಯಮವನ್ನು ಶಾಲೆಯಲ್ಲಿ ಪೈಥಾಗೊರಸನ ಪ್ರಮೇಯವೆಂದು ಕಲಿಸಲಾಗುತ್ತದೆ. ಯಜ್ಞವೇದಿಕೆಗಳ ಅಳತೆ ಹೇಳುವ ಬೌಧಾಯನ ಶುಲ್ಬಸೂತ್ರದಲ್ಲಿಯೂ ಇದೇ ನಿಯಮವಿದೆ.

ಪ್ರಮೇಯ ಬಾಹುಗಳನ್ನು ಬಾಹುಗಳಿಗೆ ಜೋಡಿಸುತ್ತದೆ. ಕೋನಗಳನ್ನು ಬಾಹುಗಳಿಗೆ ಜೋಡಿಸುವುದು ಅನುಪಾತಗಳ ಕೆಲಸ. ಒಂದು ಲಘುಕೋನವನ್ನು ಆರಿಸಿಕೊಂಡರೆ, ಅದರ ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದಾಗ ಬರುವುದು ಸೈನ್. ಪಕ್ಕದ ಬಾಹುವನ್ನು ವಿಕರ್ಣದಿಂದ ಭಾಗಿಸಿದಾಗ ಬರುವುದು ಕೊಸೈನ್. ಎದುರಿನದನ್ನು ಪಕ್ಕದ್ದರಿಂದ ಭಾಗಿಸಿದಾಗ ಬರುವುದು ಟ್ಯಾಂಜೆಂಟ್. ತ್ರಿಭುಜ ಅಂಗೈಯಷ್ಟಿರಲಿ, ಊರಷ್ಟಿರಲಿ, ಕೋನ ಒಂದೇ ಆಗಿದ್ದರೆ ಅನುಪಾತವೂ ಒಂದೇ. ಸೈನ್ ಎಂಬ ಪದವೂ ಭಾರತದ ಮೂಲದ್ದೇ. ಆರ್ಯಭಟನು 499ರಲ್ಲಿ ರಚಿಸಿದ ಗ್ರಂಥದ ಜ್ಯಾ ಎಂಬ ಶಬ್ದ ಅರಬ್ಬಿಗೆ ಹೋಗಿ, ಅಲ್ಲಿಂದ ಲ್ಯಾಟಿನ್‌ಗೆ ಅನುವಾದವಾಗುವಾಗ ಅರ್ಥ ತಪ್ಪಿ ಈ ರೂಪ ಪಡೆಯಿತು.

ಎರಡು ಬಾಹು ಗೊತ್ತಿದ್ದರೆ ಮೂರನೆಯದನ್ನು ಪ್ರಮೇಯದಿಂದಲೂ ಕೋನಗಳನ್ನು ಅನುಪಾತದಿಂದಲೂ ಪಡೆಯಬಹುದು. ಒಂದು ಬಾಹು, ಒಂದು ಲಘುಕೋನ ಗೊತ್ತಿದ್ದರೂ ಸಾಕು. ಆದರೆ ಕೋನಗಳಷ್ಟೇ ಗೊತ್ತಿದ್ದರೆ ತ್ರಿಭುಜದ ಆಕಾರ ತಿಳಿಯುತ್ತದೆ, ಗಾತ್ರ ತಿಳಿಯುವುದಿಲ್ಲ. ಎಲ್ಲೋ ಒಂದು ಕಡೆ ನೆಲದ ಮೇಲೆ ಒಂದು ಉದ್ದವನ್ನು ಅಳೆಯಲೇಬೇಕು.

ಕನ್ನಡಿಗರಿಗೆ ಈ ಕ್ಷೇತ್ರಗಣಿತ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ಪ್ರತ್ಯೇಕ ಭಾಗವೇ ಇದೆ. 12ನೇ ಶತಮಾನದ ರಾಜಾದಿತ್ಯನಂತೂ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದ.

ಟಿಪ್ಪಣಿ ಓದುವ ಬಗೆ

ಮೈಸೂರು ಸಂಸ್ಥಾನದಲ್ಲಿ 1860ರ ದಶಕದಲ್ಲಿ ಮುಂಬಯಿ ಪದ್ಧತಿಯ ಕಂದಾಯ ಭೂಮಾಪನ ಆರಂಭವಾಯಿತು. ಅದರ ಸರಪಳಿಯ ಉದ್ದ 33 ಅಡಿ. ಸರಪಳಿಗೆ 16 ಆಣೆ. ಒಂದು ಆಣೆ ಎಂದರೆ 2 ಅಡಿ ಮುಕ್ಕಾಲು ಇಂಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆ ಸೇರಿದರೆ 43,560 ಚದರಡಿಯ ಎಕರೆ. ರೂಪಾಯಿಗೆ 16 ಆಣೆ ಇದ್ದ ಕಾಲದ ಈ ವ್ಯವಸ್ಥೆಯಲ್ಲಿ ಗುಂಟೆಗೂ 16 ಆಣೆಯೇ. ಅಳತೆ ಸರಪಳಿಯಲ್ಲಿದ್ದರೆ ಗುಣಾಕಾರದ ಉತ್ತರ ನೇರವಾಗಿ ಗುಂಟೆಯಲ್ಲಿ ಬರುವುದು ಇದರ ಜಾಣತನ. ಆದರೆ ಒಂದು ತೊಡಕೂ ಇದೆ. ಆಣೆ ಎಂಬ ಒಂದೇ ಹೆಸರು ಉದ್ದಕ್ಕೂ ವಿಸ್ತೀರ್ಣಕ್ಕೂ ಬಳಕೆಯಾಗುವುದರಿಂದ ಎಲ್ಲಿ ಯಾವುದು ಎಂದು ನೋಡಿಕೊಳ್ಳಬೇಕು.

ಪ್ರತಿ ಸರ್ವೆ ನಂಬರಿನ ಮೂಲ ಅಳತೆ ದಾಖಲಾಗಿರುವ ಪತ್ರ ಟಿಪ್ಪಣಿ. ಇದರಲ್ಲಿ ಹೊಲದ ಸುತ್ತಳತೆಯನ್ನು ಹುಡುಕಿದರೆ ಸಿಗುವುದಿಲ್ಲ. ಹೊಲದ ಎರಡು ದೂರದ ಮೂಲೆಗಳ ನಡುವೆ ಒಂದು ಬೇಸ್‌ಲೈನ್ ಹಿಡಿದು, ಅದರ ಮೇಲೆ ಸಾಗುತ್ತಾ, ಪ್ರತಿಯೊಂದು ಮೂಲೆಕಲ್ಲಿಗೆ ಎದುರಾಗಿ ನಿಂತು ರೇಖೆಗೆ ಲಂಬವಾಗಿ ಆ ಕಲ್ಲಿನವರೆಗೆ ಅಳೆಯುವುದು ಪದ್ಧತಿ. ಈ ಲಂಬ ಅಳತೆಗೆ ಆಫ್‌ಸೆಟ್ ಎಂದು ಹೆಸರು. ಲಂಬ ಹಿಡಿಯಲು ಬಳಸುವ ಸಾಧನ ಕ್ರಾಸ್‌ಸ್ಟಾಫ್: ಕೋಲಿನ ತುದಿಯಲ್ಲಿ ಒಂದಕ್ಕೊಂದು ಲಂಬವಾಗಿ ನೋಡುವ ಎರಡು ಸೀಳುಗಳಿರುವ ಸರಳ ಉಪಕರಣ.

ಒಂದು ಕಾಲ್ಪನಿಕ ಹೊಲವನ್ನು ತೆಗೆದುಕೊಳ್ಳೋಣ. ಪಶ್ಚಿಮದ ಕಲ್ಲಿನಿಂದ ಪೂರ್ವದ ಕಲ್ಲಿಗೆ ಬೇಸ್‌ಲೈನ್ 12 ಸರಪಳಿ. ಪಶ್ಚಿಮದಿಂದ 4 ಸರಪಳಿ ನಡೆದಾಗ ಉತ್ತರದ ಕಲ್ಲಿಗೆ ಆಫ್‌ಸೆಟ್ 3 ಸರಪಳಿ. 8 ಸರಪಳಿ ನಡೆದಾಗ ದಕ್ಷಿಣದ ಕಲ್ಲಿಗೆ ಆಫ್‌ಸೆಟ್ 6 ಸರಪಳಿ. ಟಿಪ್ಪಣಿಯಲ್ಲಿರುವುದು ಈ ಐದು ಅಂಕಿಗಳು ಮಾತ್ರ. ಹೊಲ ಇಲ್ಲಿ ನಾಲ್ಕು ಲಂಬಕೋನ ತ್ರಿಭುಜಗಳಾಗಿ ಒಡೆದಿದೆ. ಪಾದ ಮತ್ತು ಎತ್ತರಗಳ ಗುಣಲಬ್ಧದ ಅರ್ಧ ಹಿಡಿದರೆ ಅವುಗಳ ವಿಸ್ತೀರ್ಣ ಕ್ರಮವಾಗಿ 6, 12, 24 ಮತ್ತು 12 ಗುಂಟೆ. ಒಟ್ಟು 54 ಗುಂಟೆ, ಅಂದರೆ 1 ಎಕರೆ 14 ಗುಂಟೆ.

ಇನ್ನು ಬದುಗಳ ಉದ್ದ. ಇವು ನಾಲ್ಕೂ ವಿಕರ್ಣಗಳು, ಯಾವುದನ್ನೂ ನೇರವಾಗಿ ಅಳೆದಿಲ್ಲ. ಪಶ್ಚಿಮ ಕಲ್ಲಿನಿಂದ ಉತ್ತರ ಕಲ್ಲಿಗೆ: 4ರ ವರ್ಗ 16, 3ರ ವರ್ಗ 9, ಮೊತ್ತ 25, ವರ್ಗಮೂಲ 5 ಸರಪಳಿ, ಅಂದರೆ 165 ಅಡಿ. ಉತ್ತರದಿಂದ ಪೂರ್ವಕ್ಕೆ ಪಾದ 8, ಎತ್ತರ 3. 73ರ ವರ್ಗಮೂಲ 8.544 ಸರಪಳಿ, ಸುಮಾರು 282 ಅಡಿ. ಪಶ್ಚಿಮದಿಂದ ದಕ್ಷಿಣಕ್ಕೆ 8 ಮತ್ತು 6. ಉತ್ತರ 10 ಸರಪಳಿ, 330 ಅಡಿ. ದಕ್ಷಿಣದಿಂದ ಪೂರ್ವಕ್ಕೆ 4 ಮತ್ತು 6. 52ರ ವರ್ಗಮೂಲ 7.211 ಸರಪಳಿ, ಸುಮಾರು 238 ಅಡಿ.

ಪಶ್ಚಿಮ ಮೂಲೆಯ ಕೋನ ಬೇಕೆಂದರೆ ಬೇಸ್‌ಲೈನ್‌ನ ಉತ್ತರಕ್ಕೆ ಟ್ಯಾಂಜೆಂಟ್ ಬೆಲೆ 3 ಭಾಗಿಸು 4, ಅಂದರೆ 0.75. ದಕ್ಷಿಣಕ್ಕೆ 6 ಭಾಗಿಸು 8, ಅದೂ 0.75. ತ್ರಿಭುಜಗಳ ಗಾತ್ರ ಬೇರೆಯಾದರೂ ಕೋನ ಒಂದೇ, 36.87 ಡಿಗ್ರಿ. ಎರಡೂ ಸೇರಿ ಮೂಲೆಯ ಕೋನ 73.74 ಡಿಗ್ರಿ. ಮೊಬೈಲ್ ಫೋನಿನ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಟ್ಯಾಂಜೆಂಟ್‌ನ ವಿಲೋಮ ಒತ್ತಿದರೆ ಈ ಉತ್ತರ ಬರುತ್ತದೆ. ಹಿಂದೆ ಇದಕ್ಕಾಗಿ ಲಾಗರಿದಮ್ ಕೋಷ್ಟಕದ ಪುಸ್ತಕ ತಿರುವಬೇಕಿತ್ತು.

ಎರಡು ಡಿಗ್ರಿಯ ಬೆಲೆ

ಅನೇಕ ಗಡಿ ತಕರಾರುಗಳ ಗುಟ್ಟು ಇಲ್ಲಿದೆ. ಕಲ್ಲು ಕಿತ್ತುಹೋಗಿ, ಹದ್ದುಬಸ್ತಿಗೆ ಅರ್ಜಿ ಸಲ್ಲಿಸಿ, ಟಿಪ್ಪಣಿಯ ಪ್ರಕಾರ ದಕ್ಷಿಣದ ಕಲ್ಲನ್ನು ಮತ್ತೆ ನೆಡುವ ಸಂದರ್ಭ ಬಂದಿದೆ ಎನ್ನೋಣ. 8ನೇ ಸರಪಳಿಯಲ್ಲಿ ನಿಂತು ಲಂಬ ಹಿಡಿಯುವಾಗ ದೃಷ್ಟಿ ಎರಡೇ ಡಿಗ್ರಿ ಪೂರ್ವಕ್ಕೆ ವಾಲಿತು. ಆಫ್‌ಸೆಟ್ 6 ಸರಪಳಿ, ಅಂದರೆ 198 ಅಡಿ. ಎರಡು ಡಿಗ್ರಿಯ ಸೈನ್ 0.0349. ಗುಣಿಸಿದರೆ 6.9 ಅಡಿ. ಕಲ್ಲು ತನ್ನ ಜಾಗದಿಂದ ಸುಮಾರು ಏಳು ಅಡಿ ಪೂರ್ವಕ್ಕೆ ಸರಿಯುತ್ತದೆ.

ಈಗ ವಿಸ್ತೀರ್ಣ ಲೆಕ್ಕ ಹಾಕಿದರೆ ಅಚ್ಚರಿ ಕಾದಿದೆ. ಬೇಸ್‌ಲೈನ್‌ನಿಂದ ಕಲ್ಲಿಗಿರುವ ನಿಜವಾದ ಲಂಬ ದೂರ ಕಡಿಮೆಯಾಗುವುದು ಒಂದೂವರೆ ಇಂಚಿನಷ್ಟು ಮಾತ್ರ. ಪಾದ 12 ಸರಪಳಿಯೇ ಉಳಿದಿರುವುದರಿಂದ ಒಟ್ಟು ವಿಸ್ತೀರ್ಣ ಹೆಚ್ಚು ಕಡಿಮೆ ಅದೇ 1 ಎಕರೆ 14 ಗುಂಟೆ. ಪಹಣಿ ಸರಿ, ಆಕಾರ್‌ಬಂದ್ ಸರಿ, ಮೊತ್ತ ಸರಿ. ಆದರೆ ಆಗ್ನೇಯದ ಬದುವಿನಲ್ಲಿ ನೆರೆಯವನ ಸುಮಾರು 684 ಚದರಡಿ ಈ ಹೊಲಕ್ಕೆ ಸೇರಿದೆ, ನೈಋತ್ಯದ ಬದುವಿನಲ್ಲಿ ಅಷ್ಟೇ ನೆಲ ಈ ಹೊಲದಿಂದ ಮತ್ತೊಬ್ಬ ನೆರೆಯವನಿಗೆ ಹೋಗಿದೆ. ಗುಂಟೆ ಲೆಕ್ಕದಲ್ಲಿ ಇದು 10 ಆಣೆ. ನಗರದ ಲೆಕ್ಕದಲ್ಲಿ 20-30 ಅಳತೆಯ ಒಂದು ನಿವೇಶನಕ್ಕಿಂತ ಹೆಚ್ಚು. ಮೂವರು ರೈತರ ದಾಖಲೆಗಳಲ್ಲಿ ಒಂದೇ ಒಂದು ಅಂಕಿ ಬದಲಾಗದೆ ಬದು ಬದಲಾಗಿರುತ್ತದೆ. ಪಹಣಿಯ ಮೊತ್ತವನ್ನಷ್ಟೇ ನೋಡಿ ಸಹಿ ಹಾಕುವುದು ಸಾಲದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಪರೀಕ್ಷಿಸುವ ದಾರಿ ಸುಲಭ. ದಾಖಲೆಯಲ್ಲಿಲ್ಲದ ವಿಕರ್ಣವನ್ನು ಟೇಪು ಹಿಡಿದು ಅಳೆದು ನೋಡಬೇಕು. ಪಶ್ಚಿಮದ ಕಲ್ಲಿನಿಂದ ದಕ್ಷಿಣದ ಕಲ್ಲಿಗೆ 330 ಅಡಿ ಇರಬೇಕಿತ್ತು. ವಾಲಿದ ಕಲ್ಲಿಗೆ ಸುಮಾರು ಮುನ್ನೂರ ಮೂವತ್ತೈದೂವರೆ ಅಡಿ ಬರುತ್ತದೆ. ದಕ್ಷಿಣದಿಂದ ಪೂರ್ವಕ್ಕೆ 238ರ ಬದಲು 234 ಅಡಿ. ಒಂದು ಬದಿ ಉದ್ದವಾಗಿ ಇನ್ನೊಂದು ಬದಿ ಗಿಡ್ಡವಾಗಿದ್ದರೆ ಕಲ್ಲು ಬೇಸ್‌ಲೈನ್‌ನ ಉದ್ದಕ್ಕೆ ಜರುಗಿದೆ ಎಂದರ್ಥ. ಎರಡೂ ಗಿಡ್ಡವಾಗಿದ್ದರೆ ಆಫ್‌ಸೆಟ್ಟೇ ಕಡಿಮೆಯಾಗಿದೆಯೋ ಎಂದು ಶಂಕಿಸಬೇಕು. ಹದ್ದುಬಸ್ತಿನ ಅಳತೆಗೆ ನೋಟಿಸ್ ಪಡೆದು ಬಂದ ಅಕ್ಕಪಕ್ಕದ ಹಿಡುವಳಿದಾರರು ಅಲ್ಲಿಯೇ, ಭೂಮಾಪಕರ ಎದುರಿನಲ್ಲಿಯೇ ಈ ಪರೀಕ್ಷೆ ಕೇಳುವುದು ಒಳ್ಳೆಯದು. ಆಫ್‌ಸೆಟ್ ಉದ್ದವಾದಷ್ಟೂ ತಪ್ಪು ಬೆಳೆಯುತ್ತದೆ ಎಂಬುದು ಭೂಮಾಪನದ ಹಳೆಯ ಪಾಠವೇ ಆಗಿದೆ.

ಮನೆ ಕಟ್ಟುವವರಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. 30-40 ಅಳತೆಯ ನಿವೇಶನದ ಕರ್ಣ ಕರಾರುವಾಕ್ಕಾಗಿ 50 ಅಡಿ ಇರಬೇಕು. 3, 4, 5 ಎಂಬ ಅಳತೆಯನ್ನು ಹಿಡಿದು ಪಾಯದ ಮೂಲೆ ನೋಡುವ ಗಾರೆ ಕೆಲಸದವರ ರೂಢಿಯನ್ನೇ ಹತ್ತರಿಂದ ಗುಣಿಸಿದಂತೆ. ಒಂದು ಕರ್ಣ 51, ಇನ್ನೊಂದು 49 ಅಡಿ ಬಂದರೆ ಮೂಲೆ ಸುಮಾರು ಎರಡೂವರೆ ಡಿಗ್ರಿ ಓರೆಯಾಗಿದೆ. ವಿಸ್ತೀರ್ಣದಲ್ಲಿ ಕಳೆಯುವುದು ಸುಮಾರು ಒಂದು ಚದರಡಿ ಮಾತ್ರ, ಆದರೆ ಗೋಡೆ ಓರೆಯಾಗಿಯೇ ಏಳುತ್ತದೆ.

ತ್ರಿಕೋನದ ತುಂಡುಗಳು

ಮಂಡ್ಯ ಸೀಮೆಯಲ್ಲಿ ಓರೆ ಹೊಲಗಳು ಏಕೆ ಹೆಚ್ಚು ಎಂಬುದಕ್ಕೆ ನೀರು ಒಂದು ಕಾರಣ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದ ಆರಂಭದಲ್ಲಿ ಈ ಭಾಗಕ್ಕೆ ನೀರು ತಂದಿತು. ನಾಲೆ ನೆಲದ ಮಟ್ಟವನ್ನು ಹಿಡಿದು ಬಳಸುತ್ತಾ ಸಾಗುತ್ತದೆಯೇ ಹೊರತು ಸರ್ವೆ ನಂಬರುಗಳ ಗೆರೆಯನ್ನು ನೋಡುವುದಿಲ್ಲ. ಅದು ಹಾದಲ್ಲೆಲ್ಲ ಚೌಕದ ಹೊಲಗಳು ಓರೆಯಾಗಿ ಸೀಳಿದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮಂಡ್ಯ, ಮದ್ದೂರು ಬೈಪಾಸ್‌ಗಳು ಮಾಡಿದ್ದೂ ಇದನ್ನೇ. ಸ್ವಾಧೀನದ ನಂತರ ರೈತನಿಗೆ ಉಳಿಯುವ ಮೂಲೆಯ ತುಂಡು ಹಲವು ಸಲ ಲಂಬಕೋನ ತ್ರಿಭುಜವೇ. ಮೂಲೆಯಿಂದ ಎರಡು ಬದುಗಳ ಉದ್ದ 132 ಅಡಿ ಮತ್ತು 99 ಅಡಿ ಇದ್ದು ಮೂಲೆ ಲಂಬವಾಗಿದ್ದರೆ, ವಿಸ್ತೀರ್ಣ 6 ಗುಂಟೆ, ರಸ್ತೆಯ ಕಡೆಯ ಓರೆ ಅಂಚು 165 ಅಡಿ. ಬೇಲಿಯ ತಂತಿಗೆ ಎಷ್ಟು ಬೇಕೆಂಬುದು ನೋಡದೆಯೇ ಗೊತ್ತಾಗುತ್ತದೆ.

ಮಳವಳ್ಳಿ ತಾಲ್ಲೂಕಿನಲ್ಲಿ ಶಿವನಸಮುದ್ರದ ಕಡೆಗೆ ಇಳಿಯುವ ನೆಲದಲ್ಲಿ ಮತ್ತೊಂದು ತೊಡಕು. ದಾಖಲೆಯ ವಿಸ್ತೀರ್ಣ ಯಾವಾಗಲೂ ಮಟ್ಟಸವಾದ ಅಳತೆಯದು. ಇಳಿಜಾರಿನ ಮೇಲೆ ಟೇಪನ್ನು ಹಾಸಿ ಅಳೆದರೆ ಸಿಗುವುದು ವಿಕರ್ಣ, ಬೇಕಾಗಿರುವುದು ಪಾದ. 10 ಡಿಗ್ರಿ ಇಳಿಜಾರಿನಲ್ಲಿ 300 ಅಡಿ ಅಳೆದರೆ, 0.9848 ಎಂಬ ಕೊಸೈನ್‌ನಿಂದ ಗುಣಿಸಿದಾಗ ದಾಖಲೆಯ ಉದ್ದ 295 ಅಡಿ ಮಾತ್ರ. ಐದು ಅಡಿ ಯಾರೂ ಒತ್ತುವರಿ ಮಾಡಿಲ್ಲ, ಇಳಿಜಾರು ನುಂಗಿದೆ. ಈ ಕಾರಣಕ್ಕೇ ಸರಪಳಿಯನ್ನು ಮಟ್ಟಸವಾಗಿ ಎತ್ತಿ ಹಿಡಿದು, ತೂಗುಗುಂಡು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆಯುವ ಕ್ರಮ ಬಂದಿತು.

ತಲುಪಲಾಗದ ಕಡೆ

ಟೇಪು ಹೋಗದ ಕಡೆ ಕೋನ ಹೋಗುತ್ತದೆ. ತೆಂಗಿನಮರದಿಂದ 20 ಮೀಟರ್ ದೂರ ನಿಂತು ಸುಳಿಯನ್ನು ನೋಡಿದಾಗ ಉನ್ನತ ಕೋನ 40 ಡಿಗ್ರಿ ಇದ್ದರೆ, 0.8391 ಎಂಬ ಟ್ಯಾಂಜೆಂಟ್‌ನಿಂದ ಗುಣಿಸಿ 16.8 ಮೀಟರ್, ನೋಡುವವನ ಕಣ್ಣಿನ ಎತ್ತರ ಒಂದೂವರೆ ಮೀಟರ್ ಸೇರಿಸಿ ಮರದ ಎತ್ತರ 18.3 ಮೀಟರ್. ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ ಕಲ್ಲು ತೂಗಿಸಿದರೆ ಉಪಕರಣ ಸಿದ್ಧ. ಲೆಕ್ಕವೇ ಬೇಡವೆನ್ನುವವರು ಕೋನ 45 ಡಿಗ್ರಿ ಆಗುವವರೆಗೆ ಹಿಂದೆ ಸರಿದರೆ ಸಾಕು, ಮರದವರೆಗಿನ ದೂರವೇ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ.

ಮದ್ದೂರಿನ ಬಳಿ ಶಿಂಷಾ ನದಿಯ ಅಗಲವನ್ನು ನೀರಿಗಿಳಿಯದೆ ಅಳೆಯಬೇಕೆನ್ನಿ. ಆಚೆ ದಡದ ಒಂದು ಮರಕ್ಕೆ ನೇರ ಎದುರಾಗಿ ಈಚೆ ಗೂಟ ಹೊಡೆದು, ದಡದ ಉದ್ದಕ್ಕೆ ಲಂಬವಾಗಿ 30 ಮೀಟರ್ ನಡೆದು, ಅಲ್ಲಿಂದ ಗೂಟಕ್ಕೂ ಮರಕ್ಕೂ ನಡುವಿನ ಕೋನ ಅಳೆಯಬೇಕು. 53 ಡಿಗ್ರಿ ಬಂದರೆ ಅಗಲ ಸುಮಾರು 39.8 ಮೀಟರ್. ಒಂದು ಡಿಗ್ರಿ ತಪ್ಪಿದರೆ ಉತ್ತರ ಒಂದೂವರೆ ಮೀಟರ್ ತಪ್ಪುತ್ತದೆ. ಆದರೆ ಕಡಿಮೆ ನಡೆದು ದೊಡ್ಡ ಕೋನ ಹಿಡಿದರೆ ಅಪಾಯ: 80 ಡಿಗ್ರಿಯಲ್ಲಿ ಅದೇ 30 ಮೀಟರಿಗೆ 170 ಮೀಟರ್ ಬರುವ ಉತ್ತರ, 81 ಡಿಗ್ರಿಗೆ 189 ಮೀಟರ್ ಆಗುತ್ತದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳಲ್ಲಿ ಕೋನಗಳು ಸದಾ 30, 45, 60 ಇರುವುದರಿಂದ ವಿದ್ಯಾರ್ಥಿಗಳಿಗೆ ಈ ಸಂಗತಿ ಗಮನಕ್ಕೇ ಬರುವುದಿಲ್ಲ ಎನ್ನುವುದು ದುರದೃಷ್ಟಕರ.

ಮಳವಳ್ಳಿಯ ರಣರಂಗದಿಂದ

ಉಪಖಂಡವನ್ನೇ ತ್ರಿಭುಜಗಳಿಂದ ಅಳೆದ ಸಾಹಸದ ಬೇರು ಈ ನೆಲದಲ್ಲಿದೆ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಸುಲ್ತಾನನ ಸೇನೆಗೂ ಜನರಲ್ ಹ್ಯಾರಿಸ್‌ನ ಸೇನೆಗೂ ಕಾಳಗ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಆ ದಂಡಯಾತ್ರೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ರಾತ್ರಿಯ ಹೊತ್ತಿನಲ್ಲಿ ತನ್ನ ತುಕಡಿ ದಿಕ್ಕು ತಪ್ಪಿ ಶತ್ರುವಿನ ಕಡೆಗೇ ಸಾಗುತ್ತಿರುವುದನ್ನು ನಕ್ಷತ್ರಗಳನ್ನು ನೋಡಿ ಎಚ್ಚರಿಸಿದನೆಂಬ ಪ್ರಸಂಗ ಪ್ರಸಿದ್ಧ. ಯುದ್ಧ ಮುಗಿದ ಮೇಲೆ ಅವನು ಮುಂದಿಟ್ಟದ್ದು ತ್ರಿಕೋನಮಿತಿಯ ಮಹಾ ಭೂಮಾಪನದ ಯೋಜನೆ. 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು ಅಳೆದ. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ರೇಖೆಯನ್ನು ಅಳೆದು ವಿಧಿವತ್ತಾಗಿ ಕೆಲಸ ಆರಂಭಿಸಿದ. ಅಲ್ಲಿಂದ ಮುಂದೆ ಉದ್ದ ಅಳೆಯುವ ಕೆಲಸ ಅಪರೂಪ. ಅರ್ಧ ಟನ್ನಿನಷ್ಟು ತೂಕದ ಥಿಯೊಡೊಲೈಟನ್ನು ಬೆಟ್ಟ, ಗೋಪುರಗಳ ಮೇಲೇರಿಸಿ ಕೋನಗಳನ್ನು ನೋಡುವುದು, ಉಳಿದ ಬಾಹುಗಳನ್ನು ಕಾಗದದ ಮೇಲೆ ಕಂಡುಕೊಳ್ಳುವುದು.

ಲ್ಯಾಂಬ್ಟನ್‌ನ ತ್ರಿಭುಜಗಳು ಲಂಬಕೋನದವಲ್ಲ. ಆದರೆ ಯಾವುದೇ ತ್ರಿಭುಜದ ಒಂದು ಶೃಂಗದಿಂದ ಎದುರಿನ ಬಾಹುವಿಗೆ ಲಂಬ ಇಳಿಸಿದರೆ ಅದು ಎರಡು ಲಂಬಕೋನ ತ್ರಿಭುಜಗಳಾಗುತ್ತದೆ. ಕೆಲವೊಮ್ಮೆ ಲಂಬದ ಪಾದ ತ್ರಿಭುಜದ ಹೊರಗೆ ಬೀಳುವುದುಂಟು, ಆಗ ಕೂಡುವ ಬದಲು ಕಳೆಯಬೇಕು ಅಷ್ಟೇ. ಟಿಪ್ಪಣಿಯ ಆಫ್‌ಸೆಟ್ ಮಾಡುವುದೂ ಇದನ್ನೇ.

ರೋವರ್ ಬಂದ ಮೇಲೆ

ಸರಪಳಿಯ ಜಾಗಕ್ಕೆ ಟೋಟಲ್ ಸ್ಟೇಷನ್, ಡ್ರೋನ್, ಉಪಗ್ರಹ ಸಂಕೇತ ಹಿಡಿಯುವ ರೋವರ್‌ಗಳು ಬಂದಿವೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಡಿ ಗ್ರಾಮಗಳ ವಸತಿ ಪ್ರದೇಶದ ನಕ್ಷೆಗಳನ್ನು ಡ್ರೋನ್‌ನಿಂದ ಸಿದ್ಧಪಡಿಸುವ ಕಾರ್ಯ ಕೈಗೊಳ್ಳಲಾಯಿತು. ರೋವರ್ ಕಲ್ಲಿನ ಮೇಲೆ ನಿಂತು ಕೊಡುವುದು ಉದ್ದವನ್ನಲ್ಲ, ಸ್ಥಾನವನ್ನು: ಒಂದು ನಿಗದಿತ ಬಿಂದುವಿನಿಂದ ಪೂರ್ವಕ್ಕೆ ಇಷ್ಟು, ಉತ್ತರಕ್ಕೆ ಇಷ್ಟು ಮೀಟರ್ ಎಂದು. ಎರಡು ಕಲ್ಲುಗಳ ನಡುವಿನ ಉದ್ದ ಬೇಕಾದರೆ ಮತ್ತೆ ಲಂಬಕೋನ ತ್ರಿಭುಜವೇ ಗತಿ. ಪೂರ್ವಕ್ಕೆ ವ್ಯತ್ಯಾಸ 84 ಮೀಟರ್, ಉತ್ತರಕ್ಕೆ 35 ಮೀಟರ್ ಇದ್ದರೆ, ವರ್ಗಗಳು 7,056 ಮತ್ತು 1,225, ಮೊತ್ತ 8,281, ವರ್ಗಮೂಲ 91 ಮೀಟರ್. ಬದು ಉತ್ತರ ದಿಕ್ಕಿನಿಂದ ಪೂರ್ವಕ್ಕೆ ತಿರುಗಿರುವ ಕೋನದ ಟ್ಯಾಂಜೆಂಟ್ 84 ಭಾಗಿಸು 35, ಅಂದರೆ 2.4, ಕೋನ 67.38 ಡಿಗ್ರಿ.

ಹೊಸ ಅಳತೆ ಮೀಟರಿನಲ್ಲಿ, ಹಳೆಯ ಟಿಪ್ಪಣಿ ಸರಪಳಿಯಲ್ಲಿ ಇರುವುದರಿಂದ ಹೋಲಿಸುವಾಗ ಪರಿವರ್ತನೆ ಅಗತ್ಯ. 33 ಅಡಿಯ ಸರಪಳಿ 10.0584 ಮೀಟರ್, ಅದರ ಒಂದು ಆಣೆ ಸುಮಾರು 63 ಸೆಂಟಿಮೀಟರ್. ಮೇಲಿನ 91 ಮೀಟರಿನ ಬದು ಹಳೆಯ ಲೆಕ್ಕದಲ್ಲಿ 9 ಸರಪಳಿ ಮುಕ್ಕಾಲು ಆಣೆ.